ಶುಕ್ರವಾರದ ಕಾಪಿ

ಮಾರ್ಚ್ 2, ಸೋಮವಾರ

ಬೆಳಿಗ್ಗೆ ಹತ್ತಕ್ಕೆ ಶುರುವಾದ ವಾದ ಸಂಜೆ ಬೀಗ ಹಾಕುವವರೆಗೂ ಮುಗಿಯಲಿಲ್ಲ. ಗುಬ್ಬಿಗೆ ಡ್ಯುಯಲ್ ಬೂಟ್ ಬೇಕು. ನನಗೆ ಬೇಡ.

ಗುಬ್ಬಿ ಎಂದು ಹೆಸರಿಟ್ಟವಳು ನಾನೇ. ಒಂಬತ್ತು ವರ್ಷದ ಹಿಂದೆ ಆಸ್ಪತ್ರೆಯ ಹಿಂಭಾಗದ ಈ ಎರಡು ಕೋಣೆಗಳಿಗೆ ಕೆಲಸ ಕಲಿಯಲು ಬಂದಾಗ ಹಿಡಿಯಷ್ಟಿದ್ದಳು. ಕ್ಯಾನ್ಸರಿನಿಂದಲೋ ಅಪಘಾತದಿಂದಲೋ ಮುಖದ ಭಾಗ ಕಳೆದುಕೊಂಡವರಿಗೆ ಮೂಗು, ಕಿವಿ, ಕಣ್ಣು ಮಾಡಿಕೊಡುವುದು ನಮ್ಮ ಕೆಲಸ. ಮೇಣ ಹದ ಮಾಡುವುದರಿಂದ ಹಿಡಿದು ಚರ್ಮದ ಬಣ್ಣ ಕೂಡಿಸುವವರೆಗೆ ಎಲ್ಲವನ್ನೂ ನನ್ನ ಪಕ್ಕ ಕೂತು ಕಲಿತಳು. ಜನವರಿಯಲ್ಲಿ ಅವಳನ್ನು ವಿಭಾಗದ ಮುಖ್ಯಸ್ಥೆ ಮಾಡಿದರು. ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು. ನಾವಿಬ್ಬರೇ ಇದ್ದರೆ ‘ಅಕ್ಕಾ’ ಅನ್ನುತ್ತಾಳೆ, ಮೂರನೆಯವರು ಬಂದರೆ ‘ಮೇಡಂ’.

ವಿಷಯ ಇಷ್ಟೇ. ಮೂಗು ಕಿವಿಗಳನ್ನು ಪರದೆಯ ಮೇಲೆಯೇ ಕೆತ್ತುವ ಸಾಫ್ಟ್‌ವೇರ್ ಒಂದು ನಮಗೆ ದಾನವಾಗಿ ಬಂದಿದೆ. ಅದು ವಿಂಡೋಸ್‌ನಲ್ಲಿ ಮಾತ್ರ ಓಡುತ್ತದೆ. ನಮ್ಮಲ್ಲಿರುವ ಒಂದೇ ಒಂದು ಕಂಪ್ಯೂಟರಿನಲ್ಲಿರುವುದು ಲಿನಕ್ಸ್ ಎಂಬ ಬೇರೆ ವ್ಯವಸ್ಥೆ. ಮುಖ ಸ್ಕ್ಯಾನ್ ಮಾಡುವ ಯಂತ್ರಕ್ಕೆ ಅದೇ ಬೇಕು. ಇನ್ನೊಂದು ಕಂಪ್ಯೂಟರ್ ಕೊಡಿ ಎಂದರೆ ಆಸ್ಪತ್ರೆಯವರಿಗೆ ಕಿವಿಯೇ ಕೇಳಿಸುವುದಿಲ್ಲ. ಉಳಿದದ್ದು ಎರಡು ದಾರಿ. ಡಿಸ್ಕನ್ನು ಪಾಲು ಮಾಡಿ ಎರಡನ್ನೂ ಇಟ್ಟುಕೊಂಡು, ಆನ್ ಮಾಡುವಾಗ ಯಾವುದು ಬೇಕೋ ಅದನ್ನು ಎಬ್ಬಿಸುವುದು ಗುಬ್ಬಿಯ ದಾರಿ. ಒಂದು ಎದ್ದಿದ್ದರೆ ಇನ್ನೊಂದು ಮಲಗಿರುತ್ತದೆ. ಲಿನಕ್ಸ್ ಓಡುತ್ತಿರುವಾಗಲೇ ಅದರೊಳಗೆ ವರ್ಚುವಲ್ ಮೆಷಿನ್ ಮಾಡಿ ವಿಂಡೋಸನ್ನು ಕೂರಿಸುವುದು ನನ್ನ ದಾರಿ. ಕಂಪ್ಯೂಟರಿನ ಹೊಟ್ಟೆಯಲ್ಲಿ ಇನ್ನೊಂದು ಕಂಪ್ಯೂಟರ್.

“ಹೊಟ್ಟೇಲಿರೋದಕ್ಕೆ ಚಿತ್ರ ಮೂಡಿಸೋ ಗ್ರಾಫಿಕ್ಸ್ ಕಾರ್ಡ್ ಪೂರ್ತಿ ಸಿಗಲ್ಲ ಅಕ್ಕಾ. ಇದು ಚರ್ಮದ ರಂಧ್ರ ಒಂದೊಂದೂ ಕೆತ್ತೋ ಕೆಲಸ. ತೆವಳುತ್ತೆ.”

“ಇರೋ ಡಿಸ್ಕನ್ನ ಸೀಳೋದು ಬೇಡ. ಐದು ವರ್ಷದ ಮುಖಗಳಿವೆ ಅದರಲ್ಲಿ.”

“ನೀವು ಶುಕ್ರವಾರ ಶುಕ್ರವಾರ ಕಾಪಿ ತೆಗೆದಿಡ್ತೀರಲ್ಲ, ಭಯ ಯಾಕೆ?”

ಹೌದು, ತೆಗೆದಿಡುತ್ತೇನೆ. ವಾರದ ಸ್ಕ್ಯಾನ್‌ಗಳನ್ನೆಲ್ಲ ಹೊರಗಿನ ಡಿಸ್ಕಿಗೆ ತುಂಬಿ ಕಬ್ಬಿಣದ ಬೀರುವಿನಲ್ಲಿಟ್ಟೇ ನಾನು ಮನೆಗೆ ಹೊರಡುವುದು. ಯಾರೂ ಹೇಳಿದ್ದಲ್ಲ. ಐದು ವರ್ಷದಲ್ಲಿ ಒಂದು ವಾರವೂ ತಪ್ಪಿಸಿಲ್ಲ.

ಕೊನೆಗೆ ವರ್ಚುವಲ್ ಮೆಷಿನನ್ನು ಒಂದು ಸಲ ನೋಡೋಣ ಎಂದು ಒಪ್ಪಿದಳು. ನನ್ನ ಮುಖ ನೋಡಿ ಒಪ್ಪಿದಳು, ಮಾತು ಕೇಳಿ ಅಲ್ಲ.

ಇಲ್ಲಿ ಸುಳ್ಳು ಬರೆದು ಯಾರನ್ನು ಮೆಚ್ಚಿಸಬೇಕು? ಅದು ತೆವಳುತ್ತದೆಂದು ನನಗೂ ಗೊತ್ತು. ತೆವಳಿದರೆ ಎಲ್ಲರೂ ಮತ್ತೆ ಮೇಣಕ್ಕೆ ಬರುತ್ತಾರೆ.

ಮಾರ್ಚ್ 4, ಬುಧವಾರ

ತೆವಳಿತು. ಪರದೆಯ ಮೇಲೆ ಪೆನ್ನು ಎಳೆದರೆ ಗೆರೆ ಮೂಡುವ ಹೊತ್ತಿಗೆ ಗುಬ್ಬಿಯ ಕೈ ಮುಂದಿನ ಗೆರೆಗೆ ಹೋಗಿರುತ್ತಿತ್ತು. ಮೂಗಿನ ಹೊಳ್ಳೆಯ ಅಂಚನ್ನು ಹನ್ನೊಂದು ಸಲ ಎಳೆದಳು. ಹನ್ನೆರಡನೆಯ ಸಲಕ್ಕೆ ಎಲ್ಲವೂ ಹೆಪ್ಪುಗಟ್ಟಿ ನಿಂತಿತು. ಕಂಪ್ಯೂಟರ್ ವಿಭಾಗದವರು ಬಂದು ನೋಡಿ, ಎರಡನೆಯ ಗ್ರಾಫಿಕ್ಸ್ ಕಾರ್ಡ್ ಹಾಕಿ ಅದನ್ನು ಒಳಗಿನದಕ್ಕೇ ಬಿಟ್ಟುಕೊಟ್ಟರೆ ಓಡೀತು, ಆದರೆ ಈ ಡಬ್ಬದಲ್ಲಿ ಎರಡನೆಯದಕ್ಕೆ ಜಾಗವಿಲ್ಲ ಎಂದರು.

ನಾನು ನನ್ನ ಮೇಜಿನಲ್ಲಿ ಒಂದು ಕಿವಿ ಮುಗಿಸಿದೆ. ಮುಗಿಸಿ, ಎಲ್ಲರಿಗೂ ಕಾಣುವ ಹಾಗೆ ಇಟ್ಟೆ.

ಮಾರ್ಚ್ 5, ಗುರುವಾರ

ಇವತ್ತು ಬಂದವರು ಸೆಲೂನಿನವರು. ಐವತ್ತೆಂಟು ವರ್ಷ. ಮೂಗಿನ ಎಡಗಡೆ ಹುಣ್ಣು, ಒಳಗೆಲ್ಲ ಹಬ್ಬಿದೆ. ಸೋಮವಾರ ಆಪರೇಷನ್, ಪೂರ್ತಿ ಮೂಗು ಹೋಗುತ್ತದೆ. ತೆಗೆಯುವ ಮುಂಚೆ ಅದರ ಅಳತೆ ಹಿಡಿದಿಟ್ಟುಕೊಳ್ಳಬೇಕು. ಹಸಿ ಹುಣ್ಣಿನ ಮೇಲೆ ಪ್ಲಾಸ್ಟರ್ ಹಾಕಿ ಅಚ್ಚು ತೆಗೆಯುವಂತಿಲ್ಲವಾದ್ದರಿಂದ ಸ್ಕ್ಯಾನೇ ಗತಿ. ನಾನೇ ಮಾಡಿದೆ.

“ಮೂವತ್ತೊಂದು ವರ್ಷ ಕನ್ನಡಿ ಮುಂದೆ ನಿಂತೋನು ಮೇಡಂ ನಾನು. ಎದುರಿಗೊಂದು ಕನ್ನಡಿ, ಹಿಂದೊಂದು. ಬೇರೆಯವರ ತಲೆ ನೋಡಿದಷ್ಟೇ ನನ್ನ ಮುಖಾನೂ ನೋಡಿದೀನಿ. ತಪ್ಪಿಸ್ಕೊಳ್ಳೋಕೆ ಆಗಲ್ಲ” ಎಂದು ನಕ್ಕರು.

ಹೆಂಡತಿ ಪಕ್ಕದಲ್ಲೇ ಇದ್ದರು. ಗಟ್ಟಿ ಹೆಂಗಸು. “ಇವರ ಮೂಗು ಸೊಟ್ಟ, ನೋಡ್ಕೊಳ್ಳಿ. ನೆಟ್ಟಗೆ ಮಾಡಿಬಿಟ್ಟೀರಿ ಮತ್ತೆ. ನನಗೆ ಸೊಟ್ಟದ್ದೇ ಬೇಕು.”

ಮೂಗಿನ ದಂಡ ಮಧ್ಯದಲ್ಲಿ ಬಲಕ್ಕೆ ವಾಲಿ, ತುದಿಗೆ ಬರುವಾಗ ಮನಸ್ಸು ಬದಲಾಯಿಸಿದಂತೆ ಮತ್ತೆ ಎಡಕ್ಕೆ ತಿರುಗಿದೆ. ಕನ್ನಡಕ ಕೂತು ಕೂತು ಎರಡು ಕಡೆ ಗುಳಿ. ಸ್ಕ್ಯಾನ್ ಒಳ್ಳೆಯದಾಗಿ ಬಂತು. ಗುಳಿಯೂ ಬಂತು. ಇಂಥ ಮೂಗು ಮಾಡಲು ಕೈ ತುರಿಸುತ್ತದೆ.

ಮಾರ್ಚ್ 6, ಶುಕ್ರವಾರ

ಸೂಪರಿಂಟೆಂಡೆಂಟರ ಕೋಣೆಯಲ್ಲಿ ಮೀಟಿಂಗ್. ಎಂಟು ಜನ. ಗುಬ್ಬಿ ಎದ್ದು ನಿಂತು ಹೇಳಿದಳು: “ಮೇಡಂ ಕೈಯಲ್ಲಿರೋ ಕೆಲಸ ನಮ್ಮಲ್ಲಿ ಯಾರಿಗೂ ಬರಲ್ಲ ಸರ್. ಹೊಸ ಸಾಫ್ಟ್‌ವೇರ್ ಮಾತ್ರ ಅವರಿಗೆ ಸ್ವಲ್ಪ ಕಷ್ಟ ಆಗಬಹುದು. ನಾನಿದೀನಿ, ನಿಧಾನಕ್ಕೆ ಕಲಿಸ್ತೀನಿ.”

ಕಲಿಸುತ್ತಾಳಂತೆ.

ಔಷಧಿ ಉಗ್ರಾಣದವರು ನಗು ಮರೆಸಲು ಬಾಯಿಗೆ ಕೈ ಅಡ್ಡ ಇಟ್ಟುಕೊಂಡದ್ದನ್ನು ನಾನು ನೋಡಿದೆ. ಡ್ಯುಯಲ್ ಬೂಟ್‌ಗೆ ಒಪ್ಪಿಗೆಯಾಯಿತು, ಮುಂದಿನ ಬುಧವಾರ.

ನಾಲ್ಕಕ್ಕೇ ಎದ್ದು ಬಂದೆ. ಮೇಣದ ಪಾತ್ರೆ ತೊಳೆಯಲಿಲ್ಲ, ಕಾಪಿ ತೆಗೆಯಲಿಲ್ಲ, ಹೋಗುತ್ತೇನೆಂದು ಹೇಳಲೂ ಇಲ್ಲ. ದಿನಾ ನಾನೇ ಯಾಕೆ ಮಾಡಬೇಕು? ನಮ್ಮನೆಯವರು ಬಾಗಿಲು ತೆಗೆದು “ಏನು, ಇಷ್ಟು ಬೇಗ?” ಎಂದರು. ತಲೆನೋವು ಎಂದೆ.

ಮಾರ್ಚ್ 9, ಸೋಮವಾರ

ಸೆಲೂನಿನವರ ಆಪರೇಷನ್ ಆಯಿತು. ಎಲ್ಲ ತೆಗೆದರಂತೆ, ಚೆನ್ನಾಗಿದ್ದಾರಂತೆ.

ಮಾರ್ಚ್ 11, ಬುಧವಾರ

ಆದದ್ದು ಆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಕಂಪ್ಯೂಟರ್ ವಿಭಾಗದವರು ಬಂದು ಕುರ್ಚಿ ಎಳೆದುಕೊಂಡು ಕೂತರು. ನಾನು ಮೇಣ ಕಾಯಿಸುತ್ತಿದ್ದೆ. ಗುಬ್ಬಿ ನನ್ನ ಮೇಜಿನ ಹತ್ತಿರ ಬಂದಳು.

“ಅಕ್ಕಾ, ಕಾಪಿ ಎಲ್ಲಾ ಇದೆ ಅಲ್ವಾ?”

“ಶುಕ್ರವಾರ ಶುಕ್ರವಾರ ತೆಗಿತೀನಲ್ಲ” ಎಂದೆ.

“ಹಾಗಾದ್ರೆ ಸರಿ.”

ಸರಿ ಎಂದ ಮೇಲೂ ಒಂದು ಗಳಿಗೆ ನಿಂತಿದ್ದಳು. ನಾನು ತಲೆ ಎತ್ತಲಿಲ್ಲ. ಬೀರು ನಾಲ್ಕು ಹೆಜ್ಜೆ ದೂರ. ಡಿಸ್ಕ್ ತಂದು ಚುಚ್ಚಿದ್ದರೆ ಅರ್ಧ ಗಂಟೆಯ ಕೆಲಸ. ಇವರು ಮಾಡುವುದರಲ್ಲಿ ತಪ್ಪೇನೂ ಆಗುವುದಿಲ್ಲ, ಸಂಜೆ ತೆಗೆದರಾಯಿತು ಎಂದುಕೊಂಡೆ. ಹಾಗೆ ಅಂದುಕೊಂಡೆನೇ? ಅಂದುಕೊಂಡೆ ಎಂದೇ ಬರೆಯುತ್ತೇನೆ.

ಲಿನಕ್ಸಿನ ಪಾಲನ್ನು ಕುಗ್ಗಿಸುವುದು ಸಲೀಸಾಗಿ ಆಯಿತು. ಆಮೇಲೆ ವಿಂಡೋಸ್ ಹಾಕುವಾಗ ಯಾವ ಪಾಲಿಗೆ ಹಾಕಬೇಕೆಂದು ಪರದೆಯ ಮೇಲೆ ನಾಲ್ಕು ಸಾಲು ಬಂತು. ಅವರು ಒಂದನ್ನು ತೋರಿಸಿದರು. ಗುಬ್ಬಿ “ಇದೇ ತಾನೇ?” ಎಂದಳು. “ಇದೇ” ಎಂದರು. ಅವಳು ಒತ್ತಿದಳು. ಅದು ಸರಿಯಾದದ್ದಕ್ಕಿಂತ ಒಂದು ಸಾಲು ಮೇಲಿನದು. ಮುಖಗಳಿದ್ದ ಸಾಲು.

ಮೂರು ಗಂಟೆಗೆ ಬೀರುವಿನ ಡಿಸ್ಕ್ ತಂದು ಚುಚ್ಚಿದರು. ಐದು ವರ್ಷದ್ದೂ ಒಂದೊಂದಾಗಿ ವಾಪಸ್ಸು ಬಂತು. ಪಟ್ಟಿ ಫೆಬ್ರವರಿ ಇಪ್ಪತ್ತೇಳಕ್ಕೆ ನಿಂತಿತು. ಗುಬ್ಬಿ ಕೆಳಗೆ ಇನ್ನೂ ಇದೆಯೇನೋ ಎಂಬಂತೆ ಮೌಸಿನ ಗಾಲಿ ತಿರುಗಿಸುತ್ತಲೇ ಇದ್ದಳು.

“ಆರನೇ ತಾರೀಖಿಂದು ಎಲ್ಲಿದೆ ಅಕ್ಕಾ?”

“ಅವತ್ತು ನಾನು ಬೇಗ ಹೋದೆ.”

“ಬೆಳಿಗ್ಗೆ ಕೇಳಿದೆನಲ್ಲ…”

“ಶುಕ್ರವಾರ ತೆಗಿತೀನಿ ಅಂದೆ. ಈ ಶುಕ್ರವಾರ ತೆಗೆದೆ ಅಂದ್ನಾ?”

ಅವಳು ನನ್ನನ್ನು ನೋಡಿದ ರೀತಿಯನ್ನು ಬರೆಯಲು ಬರುವುದಿಲ್ಲ. ಕೋಪ ಇದ್ದಿದ್ದರೆ ಬರೆಯಬಹುದಿತ್ತು.

ಹೋದದ್ದು ಮೂರೇ ಸ್ಕ್ಯಾನ್. ಎರಡು ಕಿವಿ. ಕಿವಿಯಾದರೆ ಇನ್ನೊಂದು ಕಡೆಯದನ್ನು ನೋಡಿ ಮಾಡಬಹುದು. ಮೂರನೆಯದು ಸೆಲೂನಿನವರ ಮೂಗು.

ಮಾರ್ಚ್ 13, ಶುಕ್ರವಾರ

ಎರಡು ದಿನ ಡಿಸ್ಕನ್ನು ತಡಕಿದರು. ಸಿಕ್ಕಿದ್ದು ಅರ್ಧ ಹಣೆ, ಒಂದು ಕಣ್ಣು.

ಕಾಪಿ ತೆಗೆದೆ.

ಮಾರ್ಚ್ 18, ಬುಧವಾರ

ಸೂಪರಿಂಟೆಂಡೆಂಟ್ ಇಬ್ಬರಿಂದಲೂ ಬರಹದಲ್ಲಿ ವಿವರಣೆ ಕೇಳಿದರು. ನಾನು ಆರು ಸಾಲು ಬರೆದೆ. ‘ದತ್ತಾಂಶದ ಪ್ರತಿ ಇದೆಯೇ ಎಂದು ಕಣ್ಣಾರೆ ನೋಡಿ ಖಚಿತಪಡಿಸಿಕೊಂಡು ಕೆಲಸ ಆರಂಭಿಸುವುದು ವಿಭಾಗದ ಮುಖ್ಯಸ್ಥರ ಹೊಣೆ.’ ಇದರಲ್ಲಿ ಸುಳ್ಳೇನಿದೆ? ಒಂದಕ್ಷರವೂ ಇಲ್ಲ. ಕಾಪಿ ತೆಗೆಯುವುದು ನನ್ನ ಕೆಲಸ ಎಂದು ಯಾವ ಕಾಗದದಲ್ಲೂ ಇಲ್ಲ.

ಗುಬ್ಬಿ ಬರೆದದ್ದನ್ನು ಅವರೇ ನನ್ನ ಮುಂದೆ ಓದಿದರು. ‘ನಾನು ನೋಡಬೇಕಿತ್ತು, ನೋಡಲಿಲ್ಲ.’ ಅಷ್ಟೇ. ಬೆಳಿಗ್ಗೆ ನನ್ನನ್ನು ಕೇಳಿದ್ದು, ನಾನು ಹೇಳಿದ್ದು, ಯಾವುದೂ ಇಲ್ಲ.

ದೊಡ್ಡವಳೆನಿಸಿಕೊಳ್ಳುವ ಆಟ. ನನಗೆ ಅರ್ಥವಾಗುವುದಿಲ್ಲವೇ?

ನಮ್ಮನೆಯವರು ಕೇಳಿದರು. “ಆ ಹುಡುಗಿ ನಿನ್ನನ್ನ ಒಂದು ಮಾತು ಕೇಳಬಾರದಿತ್ತಾ?” ಹೂಂ, ಕೇಳಬೇಕಿತ್ತು ಎಂದೆ.

ಮಾರ್ಚ್ 30, ಸೋಮವಾರ

ಗುಬ್ಬಿಯನ್ನು ಇನ್ನೊಂದು ಆಸ್ಪತ್ರೆಗೆ ಹಾಕಿದರು, ಹಲ್ಲಿನ ಅಚ್ಚು ತೆಗೆಯುವ ಕೆಲಸಕ್ಕೆ. ವಿಭಾಗ ಸದ್ಯಕ್ಕೆ ನನ್ನ ಕೈಗೆ.

ಅವಳು ತನ್ನ ಖಾನೆ ಖಾಲಿ ಮಾಡಿ ಒಂದು ಚೀಲದಲ್ಲಿ ತುಂಬಿಕೊಂಡಳು. ಒಂಬತ್ತು ವರ್ಷಕ್ಕೆ ಒಂದೇ ಚೀಲ. ಕೈಬರಹದ ನಾಲ್ಕು ಹಾಳೆ ನನ್ನ ಮೇಜಿನ ಮೇಲಿಟ್ಟಳು. ಕಂಪ್ಯೂಟರ್ ಆನ್ ಮಾಡುವುದರಿಂದ ಹಿಡಿದು ಸಾಫ್ಟ್‌ವೇರಿನ ಒಂದೊಂದು ಹತಾರದವರೆಗೆ, ಮಗುವಿಗೆ ಹೇಳಿದಂತೆ ಬರೆದಿದ್ದಳು.

“ಎಲ್ಲಾ ಇದರಲ್ಲಿದೆ. ತೊಂದರೆ ಆದ್ರೆ ಫೋನ್ ಮಾಡಿ, ಮೇಡಂ.”

ಕೋಣೆಯಲ್ಲಿ ನಾವಿಬ್ಬರೇ ಇದ್ದೆವು.

ಏಪ್ರಿಲ್ 14, ಮಂಗಳವಾರ

ಹಾಳೆಗಳ ಹಂಗಿಲ್ಲದೆ ಇವತ್ತು ಒಂದು ಕಿವಿ ಪೂರ್ತಿ ಮಾಡಿದೆ. ಪೆನ್ನು ಇಟ್ಟಲ್ಲಿ ಗೆರೆ, ಒತ್ತಿದಷ್ಟು ಆಳ. ಒಂದು ರಂಧ್ರವನ್ನು ಹತ್ತಿರ ಎಳೆದುಕೊಂಡು ಬಾವಿಯಷ್ಟು ದೊಡ್ಡದು ಮಾಡಿ ಅದರ ಅಂಚು ತಿದ್ದಬಹುದು. ಮೇಣದಲ್ಲಿ ಎರಡು ದಿನ ಹಿಡಿಯುತ್ತಿದ್ದದ್ದು ಐದು ಗಂಟೆಯಲ್ಲಿ ಮುಗಿಯಿತು.

ಮೇ 6, ಬುಧವಾರ

ಬೇರೆ ಆಸ್ಪತ್ರೆಯ ಡಾಕ್ಟರೊಬ್ಬರು ನಮ್ಮ ಕೆಲಸ ನೋಡಲು ಬಂದಿದ್ದರು. ಅವರದೂ ಇದೇ ಗೋಳು. ಎರಡನ್ನೂ ಪಾಲು ಮಾಡಿ ಇಟ್ಟುಕೊಳ್ಳಲೋ, ಒಂದರೊಳಗೊಂದು ಓಡಿಸಲೋ?

“ಕಣ್ಣು ಮುಚ್ಚಿಕೊಂಡು ಡ್ಯುಯಲ್ ಬೂಟ್ ಮಾಡಿ. ವರ್ಚುವಲ್ ಮೆಷಿನ್ ಲೆಕ್ಕ ಪತ್ರ ಬರೆಯೋರಿಗೆ ಸರಿ. ಕೆತ್ತೋ ಕೆಲಸಕ್ಕೆ ಇಡೀ ಕಾರ್ಡ್ ಕೈಗೆ ಸಿಗಬೇಕು. ಮೊದಲಿಂದಲೂ ನಾನು ಅದನ್ನೇ ಹೇಳ್ತಿದ್ದೆ” ಎಂದೆ. ಅವರು ಪುಸ್ತಕದಲ್ಲಿ ಬರೆದುಕೊಂಡರು.

ಜೂನ್ 8, ಸೋಮವಾರ

ಸೆಲೂನಿನವರು ಬಂದರು. ಗಾಯ ಚೆನ್ನಾಗಿ ಆರಿದೆ. ಮುಖದ ನಡುವೆ ಬಿಳಿ ಪಟ್ಟಿ. ಮೂರು ತಿಂಗಳಿಂದ ಅಂಗಡಿಯ ಬಾಗಿಲು ತೆಗೆದಿಲ್ಲ.

“ನನ್ನ ಮೂಗು ಜೋಪಾನವಾಗಿದೆಯಾ ಮೇಡಂ?” ಎಂದು ನಗುತ್ತಲೇ ಕೇಳಿದರು. ಮೂಗಿಲ್ಲದವರ ನಗು ಬಾಯಿಯಲ್ಲಷ್ಟೇ ಇರುತ್ತದೆ, ಮೇಲಕ್ಕೆ ಹತ್ತುವುದಿಲ್ಲ.

ಕಂಪ್ಯೂಟರ್ ಕೆಟ್ಟಿತ್ತು, ನಿಮ್ಮ ಸ್ಕ್ಯಾನ್ ಅಳಿಸಿಹೋಗಿದೆ ಎಂದೆ.

ಹೆಂಡತಿ “ಅಂದ್ರೆ?” ಎಂದರು. ನಾನು ಇನ್ನೊಂದು ಸಲ ಹೇಳಿದೆ.

ಆಮೇಲೆ ಸೆಲೂನಿನವರೇ ನನಗೆ ಸಮಾಧಾನ ಹೇಳಿದರು. “ಯಂತ್ರ ಅಲ್ವಾ ಮೇಡಂ, ಅದಕ್ಕೇನು ಗೊತ್ತು. ನೀವು ಬೇಜಾರು ಮಾಡ್ಕೋಬೇಡಿ.”

ಬೇಜಾರು ಮಾಡಿಕೊಳ್ಳುವುದಿಲ್ಲ ಎಂದೆ. ಗುಬ್ಬಿ ಸರಿಯಾಗಿ ಕೇಳಿದ್ದರೆ ನಾನು ಹೇಳುತ್ತಿದ್ದೆ. ಅದನ್ನು ಇವರಿಗೆ ಹೇಗೆ ವಿವರಿಸುವುದು?

ಜೂನ್ 17, ಬುಧವಾರ

ಆಪರೇಷನ್ನಿಗೆ ಮುಂಚಿನ ಸಿ.ಟಿ. ಚಿತ್ರಗಳಿಂದ ಆಕಾರ ಎಬ್ಬಿಸಲು ನೋಡಿದೆ. ಬೇರೆಲ್ಲೋ ತೆಗೆಸಿದ್ದು, ಪದರಗಳು ದಪ್ಪ. ಮೂಗು ಮೆಟ್ಟಿಲು ಮೆಟ್ಟಿಲಾಗಿ ಬಂತು. ಹೆಂಡತಿ ಏಳು ಫೋಟೋ ತಂದುಕೊಟ್ಟಿದ್ದಾರೆ, ಎಲ್ಲ ಎದುರಿನಿಂದ ತೆಗೆದವು. ಸೊಟ್ಟ ಎಷ್ಟು ಎಂದು ಎದುರಿನಿಂದ ಗೊತ್ತಾಗುತ್ತದೆ, ಎಷ್ಟು ಎತ್ತರ ಎಂದು ಗೊತ್ತಾಗುವುದಿಲ್ಲ.

ಮೂರು ಬಗೆಯಲ್ಲಿ ಕೆತ್ತಿ, ಮೇಣದಲ್ಲಿ ಎರಕ ಹೊಯ್ದು ಮುಂದಿಟ್ಟೆ. ಹೆಂಡತಿ ನೋಡಲಿಲ್ಲ. ಕಣ್ಣು ಮುಚ್ಚಿ ಒಂದೊಂದನ್ನೇ ಬೆರಳಿನಿಂದ ಸವರಿದರು.

“ಇದಲ್ಲ.” ಎರಡನೆಯದು. “ಇದೂ ಅಲ್ಲ.” ಮೂರನೆಯದನ್ನು ತುಂಬ ಹೊತ್ತು ಹಿಡಿದುಕೊಂಡಿದ್ದರು. “ಇದು ಇವರ ಅಣ್ಣನ ಥರ ಇದೆ.”

ಜೂನ್ 25, ಗುರುವಾರ

ಒಂಬತ್ತನೆಯದು. ಇವತ್ತು ನಾನೂ ಕಣ್ಣು ಮುಚ್ಚಿ ಸವರಿದೆ. ಆ ಗುರುವಾರ ಸ್ಕ್ಯಾನ್ ಮಾಡುವ ಮುಂಚೆ ಒಂದು ಸಲವಾದರೂ ಕೈಯಿಂದ ಮುಟ್ಟಿ ನೋಡಿದ್ದರೆ ಬೆರಳಿಗೆ ನೆನಪಿರುತ್ತಿತ್ತು. ಹುಣ್ಣಿತ್ತು, ಮುಟ್ಟಲಿಲ್ಲ. ಯಂತ್ರ ನೋಡುತ್ತದಲ್ಲ ಎಂದುಕೊಂಡೆ.

ಊಟ ಸೇರಲಿಲ್ಲ. ನಮ್ಮನೆಯವರು ಏನೂ ಕೇಳಲಿಲ್ಲ. ಈಚೆಗೆ ಅವರು ಕೇಳುವುದನ್ನೇ ಬಿಟ್ಟಿದ್ದಾರೆ.

ಜುಲೈ 3, ಶುಕ್ರವಾರ

ಸಿಲಿಕೋನ್ ಮೂಗು ಕೂರಿಸಿದೆ. ಬಣ್ಣ ಕೂಡಿದೆ, ಅಂಚು ಕಾಣುವುದೇ ಇಲ್ಲ. ಇಪ್ಪತ್ತೆರಡು ವರ್ಷದಲ್ಲಿ ಇಷ್ಟು ಒಳ್ಳೆಯ ಕೆಲಸ ನನ್ನ ಕೈಯಿಂದ ಬಂದಿಲ್ಲ.

ಅವರು ಕನ್ನಡಿ ತೆಗೆದುಕೊಂಡರು. ಕಸುಬಿನವರ ಹಾಗೆ ಮೊದಲು ಎದುರು, ಆಮೇಲೆ ಎಡ, ಆಮೇಲೆ ಬಲ. ತಮ್ಮ ಮುಖವನ್ನಲ್ಲ, ಗಿರಾಕಿಯೊಬ್ಬರ ಮುಖವನ್ನು ನೋಡುವಂತೆ ನೋಡಿದರು.

“ತುಂಬಾ ಚೆನ್ನಾಗಿದೆ ಮೇಡಂ. ನನ್ನದಕ್ಕಿಂತ ಚೆನ್ನಾಗಿದೆ.”

ಹೆಂಡತಿ ಚೀಲದಲ್ಲಿ ಏನೋ ಹುಡುಕುತ್ತ ಹೊರಗೆ ಹೋದರು. ಬಹಳ ಹೊತ್ತು ಹುಡುಕಿದರು.

ಜುಲೈ 24, ಶುಕ್ರವಾರ

ಅಂಟಿನ ಬಾಟಲಿ ತೆಗೆದುಕೊಂಡು ಹೋಗಲು ಸೆಲೂನಿನವರ ಹೆಂಡತಿ ಒಬ್ಬರೇ ಬಂದಿದ್ದರು. ಅಂಗಡಿ ತೆಗೆದಿದ್ದಾರಂತೆ. ಒಂದು ವಾರ ನಡೆಸಿ, ಕೈ ನಡುಗುತ್ತದೆ ಎಂದು ಬಾಡಿಗೆಗೆ ಕೊಟ್ಟರಂತೆ. “ಕೈ ಏನೂ ನಡುಗಲ್ಲ. ಕತ್ತರಿ ಹಿಡಿದು ಕನ್ನಡಿ ನೋಡ್ತಾ ನಿಂತುಬಿಡ್ತಾರೆ. ಗಿರಾಕಿ ಎಷ್ಟು ಹೊತ್ತು ಅಂತ ಕಾಯ್ತಾರೆ?”

ಹೋಗುವಾಗ ಬಾಗಿಲಲ್ಲಿ ನಿಂತರು.

“ನಿಮ್ಮ ಜೊತೆ ಇದ್ರಲ್ಲ ಆ ಸಣ್ಣಮ್ಮ, ಅವರು ನಮ್ಮನೆಗೆ ಬಂದಿದ್ರು. ಏಪ್ರಿಲ್‌ನಲ್ಲೇ. ನನ್ನ ಕೈಯಿಂದಲೇ ಅಳಿಸಿಹೋಯ್ತು, ತಪ್ಪು ನಂದೇ ಅಂತ ಅತ್ತರು. ನಾವು ಹೊರಗೆ ನಡಿ ಅಂದ್ವಿ. ನಾನು ಅನ್ನಬಾರದ್ದೆಲ್ಲಾ ಅಂದೆ. ಬಾಗಿಲು ಹಾಕ್ಕೊಂಡ್ವಿ.”

“ಹಾಗಾದ್ರೆ… ಜೂನ್‌ನಲ್ಲಿ ಬಂದಾಗ ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು. ನೀವು ಏನಂತೀರೋ ನೋಡೋಣ ಅಂತಲೇ ಗೊತ್ತಿಲ್ಲದವರ ಹಾಗೆ ಕೇಳಿದ್ವಿ. ನೀವು ಅವರ ಹೆಸರು ಎತ್ತದೆ ಕಂಪ್ಯೂಟರ್ ಕೆಟ್ಟಿತು ಅಂದ್ರಲ್ಲ, ಆಚೆ ಬಂದ ಮೇಲೆ ಇವರು ಹೇಳಿದ್ರು, ನೋಡು, ಎಂಥಾ ದೊಡ್ಡ ಮನಸ್ಸು ಅಂತ.” ನನ್ನ ಎರಡೂ ಕೈ ಹಿಡಿದುಕೊಂಡರು. “ನೀವೊಬ್ಬರು ಇದ್ರಲ್ಲ. ಅಷ್ಟೇ ಪುಣ್ಯ.”

ಅವರ ಕೈ ಬಿಸಿಯಾಗಿತ್ತು. ನಾನು ಬಿಡಿಸಿಕೊಳ್ಳಲಿಲ್ಲ. ಅಂಟನ್ನು ದಿನಾ ಸಂಜೆ ತೊಳೆಯಬೇಕು, ಇಲ್ಲದಿದ್ದರೆ ಚರ್ಮ ಕೆಂಪಾಗುತ್ತದೆ ಎಂದು ಹೇಳಿದೆ.

ಜುಲೈ 25, ಶನಿವಾರ

ಬೆಳಿಗ್ಗೆ ಹನ್ನೊಂದಕ್ಕೆ ಗುಬ್ಬಿಗೆ ಫೋನ್ ಮಾಡಿದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ. ಒಂದೇ ವಾಕ್ಯ, ಮಾರ್ಚಿನ ಆ ಮೀಟಿಂಗಿನಿಂದ ಶುರುವಾಗುವುದು.

ಎರಡನೇ ರಿಂಗಿಗೇ ಎತ್ತಿದಳು. ಹಿಂದೆ ಯಾವುದೋ ಯಂತ್ರ ಕೊರೆಯುತ್ತಿತ್ತು.

“ಹೇಳಿ.”

“ಅದೇ… ಸಾಫ್ಟ್‌ವೇರ್‌ನಲ್ಲಿ ಒಂದು ಕಡೆ ಕೆತ್ತಿದ್ದು ಇನ್ನೊಂದು ಕಡೇನೂ ತಾನಾಗೇ ಮೂಡೋ ಹಾಗೆ ಮಾಡೋದು ಹೇಗೆ?”

ಅದನ್ನು ನಾನು ದಿನಾ ಮಾಡುತ್ತೇನೆ. ಅವಳ ಹಾಳೆಯಲ್ಲಿ ಎರಡನೆಯ ಪುಟದಲ್ಲೇ ಇದೆ.

ಇದೆ ಎಂದು ಅವಳು ಹೇಳಲಿಲ್ಲ. ಯಂತ್ರ ನಿಲ್ಲಿಸಲು ಯಾರಿಗೋ ಹೇಳಿದಳು. ಆಮೇಲೆ ನಿಧಾನವಾಗಿ, ಆನ್ ಮಾಡುವುದರಿಂದ ಶುರು ಮಾಡಿ, ಯಾವ ಪಟ್ಟಿ, ಯಾವ ಗುಂಡಿ, ಒತ್ತಿದರೆ ಏನು ಬರುತ್ತದೆ, ಎಲ್ಲ ಹೇಳಿದಳು. ನಾನು ಕೈಯಲ್ಲಿ ಪೆನ್ನು ಕಾಗದ ಇಲ್ಲದೆಯೇ ಬರೆದುಕೊಳ್ಳುವವಳಂತೆ ಹೂಂ ಹೂಂ ಎನ್ನುತ್ತಿದ್ದೆ.

“ಬಂತಾ?”

“ಬಂತು.”

“ಬೇರೆ ಏನಾದ್ರೂ ಹೇಳೋದಿತ್ತಾ?”

ಅವಳ ಉಸಿರು ಕೇಳಿಸುತ್ತಿತ್ತು. ಅವಸರ ಮಾಡಲಿಲ್ಲ, ಕಾದಳು.

“ಇಲ್ಲ, ಇಷ್ಟೇ” ಎಂದೆ.